ರಂಗೋಲಿಯಲ್ಲಿ ಬರೆದ ಊರು

ಸುಮೇರಾ ಮೇಡಂ ಅವರ ಚಪ್ಪಲಿ ನೋಡಿದರೆ ಸಾಕು, ಯಾವ ವಿಭಾಗದವರೆಂದು ಯಾರಾದರೂ ಹೇಳಬಹುದಿತ್ತು. ನಮ್ಮ ಸ್ನಾತಕೋತ್ತರ ಕೇಂದ್ರದ ಉಳಿದ ಅಧ್ಯಾಪಕರೆಲ್ಲ, ಇತಿಹಾಸ ಪಾಠ ಮಾಡುವ ನನ್ನನ್ನೂ ಸೇರಿಸಿ, ಫ್ಯಾನಿನ ಕೆಳಗೆ ಕೂತು ಲೋಕವನ್ನು ಅರ್ಥ ಮಾಡಿಕೊಂಡವರು. ಭೂಗೋಳದ ಸುಮೇರಾ ಮಾತ್ರ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಬಸ್ಸಿಗೆ ಹತ್ತಿಸಿಕೊಂಡು ಜಡಿಗೇನಹಳ್ಳಿ ಕಡೆಯ ಒಂದು ಊರಿಗೆ ಹೊರಟುಬಿಡುತ್ತಿದ್ದರು. ಒಂದು ವಾರ ಆ ಊರಿನ ಶಾಲೆಯಲ್ಲೇ ಠಿಕಾಣಿ. ಬಿಸಿಲಿಗೆ ಮುಖ ಕಪ್ಪಿಟ್ಟು, ಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡು ವಾಪಸ್ ಬಂದಾಗ, ಈ ಸಲವೂ ಭೂಮಿ ದುಂಡಗೇ ಇತ್ತಾ ಎಂದು ನಾನು ರೇಗಿಸುವುದು, ಅವರು ನಗುವುದು ನಡೆದೇ ಇತ್ತು.

ಅವರು ದೊಡ್ಡಬಳ್ಳಾಪುರದವರು. ತಂದೆ ಶಫೀವುಲ್ಲಾ ಸೀರೆ ವ್ಯಾಪಾರಿ. ಗಿರಾಕಿ ಬಂದರೆ ಮೊದಲು ಕೂರಿಸಿ ಮಾತಾಡಿಸಬೇಕು, ಸೀರೆ ಬಿಚ್ಚುವುದು ಆಮೇಲೆ ಎಂದು ಮಗಳಿಗೆ ಹೇಳಿಕೊಟ್ಟಿದ್ದರಂತೆ. ಮಗಳು ಅದನ್ನು ಭೂಗೋಳಕ್ಕೆ ತಂದರು. ಊರಿಗೆ ಹೋದ ಮೊದಲ ದಿನ ಯಾರೂ ಪುಸ್ತಕ ತೆಗೆಯುವ ಹಾಗಿಲ್ಲ, ಅಳತೆಯ ಉಪಕರಣ ಮುಟ್ಟುವ ಹಾಗಿಲ್ಲ. ಕಳೆ ಕೀಳುವವರ ಜೊತೆ ಕಳೆ ಕೀಳಬೇಕು, ದನ ಹೊಡೆಯುವವರ ಹಿಂದೆ ನಡೆಯಬೇಕು. ಎರಡನೇ ದಿನ ಅಶ್ವತ್ಥಕಟ್ಟೆಯ ಮುಂದೆ ನೆಲ ಸಾರಿಸಿ, ಊರ ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು, ನಿಮ್ಮ ಊರನ್ನು ನೀವೇ ಬರೆಯಿರಿ ಎನ್ನುತ್ತಿದ್ದರು.

ಹೆಂಗಸರು ಬಗ್ಗಿ ಕೆರೆ, ಕಾಲುವೆ, ರಾಗಿ ಹೊಲ, ದಾರಿ ಎಲ್ಲವನ್ನೂ ಎಳೆಯುತ್ತಿದ್ದರು. ಬರೆಯುತ್ತ ಮಾತು ತಾನಾಗಿ ಹೊರಡುತ್ತಿತ್ತು. ಈ ಪಟ್ಟಿ ನೆಲ ಯಾರದು, ಯಾವ ಅಣ್ಣತಮ್ಮಂದಿರಿಗೆ ಮಾತಿಲ್ಲ, ಯಾವ ತಂಗಿ ಇನ್ನೂ ಭಾಗ ಕೇಳುತ್ತಿದ್ದಾಳೆ, ಹೀಗೆ. ಮಣ್ಣು, ನೀರು, ಬೆಳೆಯ ವಿಷಯ ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಮನೆ ಮಾತು ಮಾತ್ರ ಅಲ್ಲೇ ಉಳಿಯಬೇಕು ಎಂಬುದು ಮೇಡಂ ಕಟ್ಟಳೆ. ಸಂಜೆ ತಾವೇ ಪೊರಕೆ ಹಿಡಿದು ಊರನ್ನೆಲ್ಲ ಗುಡಿಸಿಹಾಕುತ್ತಿದ್ದರು. ಹಾಗೆ ಗುಡಿಸಿದ್ದಕ್ಕೇ ಮರುವರ್ಷವೂ ಆ ಹೆಂಗಸರು ಬಂದು ಬಗ್ಗುತ್ತಿದ್ದರು.

ಅವರಲ್ಲಿ ಮುಂದಾಳು ಮುತ್ತಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಮ್ಮ ಲಕ್ಷ್ಮಯ್ಯನ ಹೊಲದ ಪಕ್ಕ ತನ್ನ ಪಾಲಿಗೆ ಬಂದ ನೆಲದಲ್ಲಿ ಹೂವು, ತರಕಾರಿ ಬೆಳೆಯುತ್ತಿದ್ದಾಕೆ. ಮೇಡಂ ಬಂದರೆ ಆಕೆಗೆ ಹಬ್ಬ.

ಚಲಪತಿ ಎಂಬ ವಿದ್ಯಾರ್ಥಿ ಬಂದಿದ್ದು ಕೆಲವು ವರ್ಷಗಳ ಹಿಂದೆ. ತಂದೆಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹುಡುಗ ಚುರುಕು, ವಿನಯವಂತ. ಮುದುಕರ ಜೊತೆ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಮಾತಾಡಿಸುವುದು ಅವನಿಗೆ ಹುಟ್ಟಿನಿಂದಲೇ ಬಂದ ಹಾಗಿತ್ತು. ಸುಮೇರಾಗೆ ಅವನ ಮೇಲೆ ಪ್ರಾಣ. ಇವನು ಮುಂದೆ ನನ್ನ ಜಾಗದಲ್ಲಿ ಕೂರುತ್ತಾನೆ ನೋಡಿ ಸಾರ್ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಮುತ್ತಮ್ಮನಿಗೂ ಅವನ ಕೈ ಹಿಡಿದು ತೋರಿಸಿ, "ಅಕ್ಕ, ಇವನನ್ನ ನನ್ನ ಮಗ ಅಂದ್ಕೊಳಿ" ಎಂದಿದ್ದರಂತೆ.

ಮುತ್ತಮ್ಮ ಹಾಗೆಯೇ ಅಂದುಕೊಂಡಳು.

ಎಂ.ಎ. ಮುಗಿಸಿದ ಚಲಪತಿ ಹೊಸಕೋಟೆಯಲ್ಲಿ ಸೈಟು ಮಾಡಿ ಮಾರುವ ಒಬ್ಬರ ಬಳಿ ಸೇರಿದ. ಅದನ್ನು ಮೇಡಂಗೆ ಹೇಳಲಿಲ್ಲ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಒಬ್ಬನೇ ಆ ಊರಿಗೆ ಹೋಗಿ, ಮೇಡಂ ಕಳಿಸಿದ್ದಾರೆ, ಊರು ಎಷ್ಟು ಬದಲಾಗಿದೆ ಎಂದು ಇನ್ನೊಂದು ಸಲ ಬರೆಯಬೇಕಂತೆ ಎಂದ. ಮೊದಲ ದಿನ ಮುತ್ತಮ್ಮನ ಜೊತೆ ಹೂ ಬಿಡಿಸಿದ. ಎರಡನೇ ದಿನ ರಂಗೋಲಿ ಪುಡಿ ತೆಗೆದ. ಯಾರಿಗೂ ಅನುಮಾನ ಬರಲಿಲ್ಲ. ಮೇಡಂ ಮಾಡುತ್ತಿದ್ದ ಪೂಜೆಯನ್ನೇ ಶಿಷ್ಯ ಮಾಡಿದ್ದ. ಸಂಜೆ ಮರೆಯದೆ ಪೊರಕೆ ಹಿಡಿದು ಗುಡಿಸಿದ್ದೂ ಅವನೇ.

ಮುಂದಿನ ತಿಂಗಳುಗಳಲ್ಲಿ ಮುನಿಸಿಕೊಂಡಿದ್ದ ಒಡಹುಟ್ಟಿದವರ ಮನೆಗಳಿಗೆ, ಒಂದೊಂದಕ್ಕೆ ಬೇರೆಬೇರೆ ದಿನ, ಹೊಸಕೋಟೆಯ ಸೈಟಿನವರ ಕಾರು ಬಂತು. ಅಣ್ಣನ ಮೇಲಿನ ಸಿಟ್ಟಿಗೆ ತಮ್ಮ ಮಾರಿದ, ತಮ್ಮ ಮಾರಿದನೆಂದು ಅಣ್ಣ ಮಾರಿದ. ಲಕ್ಷ್ಮಯ್ಯ ಅಕ್ಕನಿಗೆ ಒಂದು ಮಾತೂ ಹೇಳದೆ ತನ್ನ ಹೊಲ ಕೊಟ್ಟುಬಿಟ್ಟ. ಮುತ್ತಮ್ಮನ ಹೊಲಕ್ಕೆ ದಾರಿ ಇದ್ದದ್ದು ಅವನ ಬದುವಿನ ಮೇಲೆ. ಕಾಂಪೌಂಡ್ ಎದ್ದ ಮೇಲೆ ಆಕೆ ಹೂವಿನ ಬುಟ್ಟಿ ಹೊತ್ತು ಹೊರಬರಲು ಯಾರದೋ ಮೋರಿ ದಾಟಬೇಕಾಯಿತು. ಕೊನೆಗೆ ಅವಳ ನೆಲಕ್ಕೂ ಅವರೇ ಬೆಲೆ ಕಟ್ಟಿದರು, ಆಕೆ ಕೊಡಲಿಲ್ಲ.

ಸುಮೇರಾಗೆ ವಿಷಯ ತಿಳಿದದ್ದು ಈ ವರ್ಷ ಶಿಬಿರಕ್ಕೆ ದಿನ ಗೊತ್ತು ಮಾಡಲು ಊರಿಗೆ ಫೋನ್ ಮಾಡಿದಾಗ. ಅವರು ಕೂಡಲೇ ಸ್ಟಾಫ್ ರೂಮಿನಲ್ಲಿ ನನ್ನೆದುರೇ ಸ್ಪೀಕರ್ ಹಾಕಿ ಚಲಪತಿಗೆ ಫೋನ್ ಹಚ್ಚಿದರು. ಅವನು ತಡವರಿಸಲೂ ಇಲ್ಲ.

"ನಾನೇನ್ ಕಳ್ತನ ಮಾಡಿದ್ನಾ ಮೇಡಂ? ಅವರಾಗೇ ಮಾರಿದ್ರು. ಜನರ ಹತ್ರ ಹೆಂಗ್ ಕೂರ್ಬೇಕು, ಹೆಂಗ್ ಮಾತಾಡಿಸ್ಬೇಕು ಅಂತ ಕಲಿಸಿದ್ದು ನೀವು. ನಮ್ ಆಫೀಸಲ್ಲಿ ಎಲ್ರ ಮುಂದೂ ನಿಮ್ ಹೆಸ್ರೇ ಹೇಳ್ತೀನಿ."

ನನಗೆ ಮೈ ಉರಿದುಹೋಯಿತು. ಬೈದಿದ್ದರೆ, ಸುಳ್ಳು ಹೇಳಿದ್ದರೆ ಸಹಿಸಬಹುದಿತ್ತು. ಆ ನಯವಂಚಕ ಕೃತಜ್ಞತೆ ಹೇಳುತ್ತಿದ್ದ. ಸುಮೇರಾ ಫೋನ್ ಇಟ್ಟು ಕಿಟಕಿಯ ಕಡೆ ತಿರುಗಿ ಕೂತರು. ಅಂದು ಮಧ್ಯಾಹ್ನದ ಕ್ಲಾಸಿಗೆ ಹೋಗಲಿಲ್ಲ.

ಶಿಬಿರ ಬೇರೆ ಊರಿಗೆ ಹಾಕಿಕೊಳ್ಳಿ ಎಂದು ಎಲ್ಲರೂ ಹೇಳಿದೆವು. ಕೇಳಲಿಲ್ಲ. ಅದೇ ಊರು ಮತ್ತೆ ತಮ್ಮನ್ನು ನಂಬಬೇಕು, ಇಲ್ಲದಿದ್ದರೆ ಇಷ್ಟು ವರ್ಷ ಮಾಡಿದ ಪಾಠವೆಲ್ಲ ಮಣ್ಣುಪಾಲು ಎಂಬುದು ಅವರ ಹಟ. ಜೊತೆಗೊಬ್ಬ ಅಧ್ಯಾಪಕ ಬೇಕೆಂಬ ನಿಯಮಕ್ಕೆ ನಾನೂ ಬಸ್ಸು ಹತ್ತಿದೆ.

ಅಶ್ವತ್ಥಕಟ್ಟೆಯ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ವಿದ್ಯಾರ್ಥಿಗಳನ್ನು ಬಸ್ಸಿನಲ್ಲೇ ಕೂರಿಸಿ ನಾವಿಬ್ಬರೂ ಮುತ್ತಮ್ಮನ ಮನೆಗೆ ಹೋದೆವು. ಆಕೆ ಜಗುಲಿಯ ಮೇಲೆ ಕನಕಾಂಬರ ಕಟ್ಟುತ್ತಿದ್ದಳು. ಕೂತ್ಕಳಿ ಎಂದಳು, ಕೈ ನಿಲ್ಲಿಸಲಿಲ್ಲ. ಸುಮೇರಾ ಅಳುತ್ತಲೇ ಎಲ್ಲ ಹೇಳಿದರು: ತಾವು ಅವನನ್ನು ಕಳಿಸಿರಲಿಲ್ಲ, ತಮಗೂ ಮೋಸವಾಗಿದೆ, ದಾರಿಗಾಗಿ ತಾಲ್ಲೂಕು ಕಚೇರಿಗೆ ತಾವೇ ಜೊತೆ ಬರುತ್ತಾರೆ.

ಮುತ್ತಮ್ಮ ಕೊನೆಯತನಕ ಕೇಳಿಸಿಕೊಂಡಳು.

"ನೀವು ಕಳಿಸಿಲ್ಲ ಅಂತ ನಂಗೊತ್ತು ಕಣಮ್ಮ. ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ದಾರಿ ಕೇಳಕ್ಕೆ ಬನ್ನಿ, ಇಬ್ರೂ ಹೋಗಣ. ಆದ್ರೆ ಆ ಬಸ್ಸಲ್ಲಿ ಒಂದ್ ಹಿಂಡು ಮಕ್ಕಳು ಕೂತವ್ರಲ್ಲ, ಅವ್ರಲ್ಲಿ ಯಾರು ಚಲಪತಿ ಅಂತ ನಿಮಗೆ ಗೊತ್ತಾ? ಗೊತ್ತಿದ್ರೆ ಉಳಿದೋರ್ನ ಇಳಿಸ್ರಿ."

ಸುಮೇರಾ ಅಳುತ್ತಲೇ ಎದ್ದರು.

ನಾವು ಬಸ್ಸಿಗೆ ಮರಳಿದೆವು. ಮುಂದಿನ ಸೀಟಿನಲ್ಲಿ ಪವಿತ್ರ ಎಂಬ ಹುಡುಗಿ ಇದ್ದಳು. ಎಲ್ಲರಿಗಿಂತ ಚುರುಕು, ಮೇಡಂ ಕಂಡರೆ ಪ್ರಾಣ. ಅವಳು ಎದ್ದು ನೀರಿನ ಬಾಟಲಿ ಚಾಚಿ, "ಏನಾಯ್ತು ಮೇಡಂ, ಯಾಕ್ ಅಳ್ತಿದೀರಾ?" ಎಂದು ಮೆಲ್ಲಗೆ ಕೇಳಿದಳು. ಹೋದ ತಿಂಗಳಾಗಿದ್ದರೆ ಸುಮೇರಾ ಅವಳ ತಲೆ ಸವರುತ್ತಿದ್ದರು. ಈಗ ಬಾಟಲಿ ತೆಗೆದುಕೊಳ್ಳದೆ ಆ ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಪವಿತ್ರಳಿಗೂ ಆ ನೋಟದಲ್ಲಿದ್ದ ಅನುಮಾನ ತಟ್ಟಿತೆಂದು ಕಾಣುತ್ತದೆ, ಅವಳು ತಲೆ ತಗ್ಗಿಸಿ ಕೂತುಬಿಟ್ಟಳು.