ಹಾಡಿಲ್ಲದ ರಾಜ

ನಾಟಕದಿಂದ ಹಾಡನ್ನೆಲ್ಲ ಕಿತ್ತುಹಾಕಿದವಳು ಎಂಬ ಅಪಖ್ಯಾತಿ ಹಳೇಬೀಡಿನ ಸುತ್ತಮುತ್ತ ನನಗೆ ಬಹಳ ವರ್ಷ ಇತ್ತು. ಈಗಲೂ ಆ ಕಡೆಯ ಹಿರಿಯರು ಯಾರಾದರೂ ಸಿಕ್ಕರೆ, 'ಮೇಷ್ಟ್ರ ಬಾಯಿ ಕಟ್ಟಿಹಾಕಿದ ಮಗಳು ನೀವೇ ಅಲ್ವೇನಮ್ಮಾ' ಎಂದು ಕೆಣಕುತ್ತಾರೆ. ನಾನು ಹೌದು ಎನ್ನುತ್ತೇನೆ. ಅಪ್ಪ ಇರುವ ತನಕ ನಿಜವಾದ ಕಾರಣವನ್ನು ಯಾರಿಗೂ ಹೇಳುವಂತಿರಲಿಲ್ಲ. ಈಗ ಅವರಿಲ್ಲ, ಹೇಳಿದರೆ ತಪ್ಪೇನೂ ಇಲ್ಲ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಚಿಕ್ಕಮ್ಮನ ಮನೆಯಲ್ಲಿ ವಾಸ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಹಳೇಬೀಡಿಗೆ ಬರುತ್ತಿದ್ದೆ. ಅಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ಆದರೆ ಅವರನ್ನು ಮೇಷ್ಟ್ರೆಂದು ನೆನೆಯುವವರಿಗಿಂತ ರಾಜನೆಂದು ನೆನೆಯುವವರೇ ಹೆಚ್ಚು. ನಮ್ಮ ಊರಿನಲ್ಲಿ ಒಂದು ಹಳೆಯ ನಾಟಕವಿತ್ತು. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಕುಂಬಾರರ ಹುಡುಗಿಯನ್ನು ಗುಟ್ಟಾಗಿ ಮದುವೆಯಾದ ಮಗನನ್ನು ರಾಜನೊಬ್ಬ ಗಡಿಪಾರು ಮಾಡುವ ಕಥೆ. ಅದನ್ನು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಊರವರೇ ಆಡುತ್ತಿದ್ದರು. ರಾಜ ಯಾವತ್ತೂ ಅಪ್ಪನೇ. ಮಗನನ್ನು ಕಳಿಸುವ ಮೊದಲು ರಾಜ ಹಾಡುವ ಒಂದು ಹಾಡಿತ್ತು. ಅದನ್ನು ಕೇಳುವುದಕ್ಕೆಂದೇ ಮಾದಿಹಳ್ಳಿ, ಹುಲಿಕೆರೆ, ಬಸ್ತಿಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಅಪ್ಪ ಆ ಹಾಡನ್ನು ಎಳೆದೂ ಎಳೆದೂ ಹಾಡುವರು. ಮಗ ಪಾಪ, ಗಡಿಪಾರಾಗುವುದಕ್ಕೆ ಕೈಕಟ್ಟಿ ನಿಂತು ನಿಂತು ಕಾಲು ಬದಲಾಯಿಸುತ್ತಿದ್ದ.

ಹಿಂದಿನ ವರ್ಷ ಹುಲಿಕೆರೆಯವರು ಕರೆಸಿ ಆಡಿಸಿದಾಗ ಆ ಹಾಡಿನ ಮಧ್ಯೆ, ದನಿ ಮೇಲಕ್ಕೆ ಹೋಗಬೇಕಾದ ಕಡೆ, ಅಪ್ಪನ ಗಂಟಲು ಒಡೆಯಿತು. ಅಪ್ಪ ಕೆಮ್ಮಿದರು, ಮತ್ತೆ ಎತ್ತಿದರು, ಮತ್ತೆ ಒಡೆಯಿತು. ಮುಂದೆ ಕೂತಿದ್ದ ಕೆಲವರು ನಕ್ಕರು. ನಾನು ಹೆಂಗಸರ ಸಾಲಿನಲ್ಲಿದ್ದೆ. ನಕ್ಕವರ ಬೆನ್ನಿಗೆ ಒಂದು ಬಿಡಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು. ಮನೆಗೆ ಬಂದು ಅಪ್ಪ, 'ಶೀತ ಆಗಿದೆ' ಎಂದರು. ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟಳು. ಆ ಶೀತ ತಿಂಗಳುಗಟ್ಟಲೆ ಹೋಗಲಿಲ್ಲ. ಹಾಸನದ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಇನ್ನು ಹಾಡಿನ ಆಸೆ ಬೇಡ ಎಂದು ಅಮ್ಮನ ಹತ್ತಿರ ಹೇಳಿದರಂತೆ. ಅಪ್ಪನಿಗೆ ನಾವ್ಯಾರೂ ಅದನ್ನು ಹೇಳಲಿಲ್ಲ. ಕಷಾಯ ಮಾತ್ರ ನಡೆದೇ ಇತ್ತು.

ಇಷ್ಟರಲ್ಲಿ ಊರಿನ ನಾಟಕದವರು ಗುಸುಗುಸು ಶುರುಮಾಡಿದ್ದರು. ಬೇಲೂರಿನ ತಾಲ್ಲೂಕು ಆಫೀಸಿಗೆ ಹೊಸದಾಗಿ ಬಂದಿದ್ದ ಒಬ್ಬ ಗುಮಾಸ್ತ ಚೆನ್ನಾಗಿ ಹಾಡುತ್ತಾನೆ, ಈ ಸಲ ರಾಜನ ಪಾರ್ಟು ಅವನಿಗೆ ಕೊಡೋಣ, ಮೇಷ್ಟ್ರಿಗೆ ಋಷಿಯದೋ ಏನೋ ಕೊಟ್ಟರಾಯಿತು ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ನನ್ನ ಕಿವಿಗೂ ಬಿತ್ತು. ಕೆಲಸದಿಂದ ನಿವೃತ್ತರಾದಾಗ ಅಪ್ಪ ಒಂದು ದಿನವೂ ಕೊರಗಲಿಲ್ಲ. ಆದರೆ ಕಿರೀಟ ತೆಗೆದು ಗಡ್ಡ ಕಟ್ಟಿ ಮೂಲೆಯಲ್ಲಿ ಕೂರಿಸಿದರೆ ಹಾಸಿಗೆ ಹಿಡಿಯುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅವರನ್ನು ರಾಜನಾಗಿಯೇ ಉಳಿಸಬೇಕು, ಆದರೆ ಹಾಡಿಸಬಾರದು. ಅದಕ್ಕೆ ದಾರಿ ಒಂದೇ, ನಾಟಕದಲ್ಲಿ ಯಾರೂ ಹಾಡಬಾರದು.

ಮೈಸೂರಿನಲ್ಲಿ ಓದುವಾಗ ನಾನು ಹೊಸ ರೀತಿಯ ನಾಟಕಗಳನ್ನು ನೋಡಿದ್ದೆ. ನೋಡಿದ್ದೇನೋ ಸ್ವಲ್ಪವೇ, ಮಾತಾಡುವುದಕ್ಕೆ ಅದು ಧಾರಾಳವಾಗಿ ಸಾಕಾಯಿತು. ನಾಟಕದವರನ್ನು ನಮ್ಮ ಪಡಸಾಲೆಯಲ್ಲಿ ಸೇರಿಸಿ ಭಾಷಣವನ್ನೇ ಬಿಗಿದೆ. ಕಾಲ ಬದಲಾಗಿದೆ, ಓದಿದ ಜನಕ್ಕೆ ಈಗ ಬೆಳಗಿನ ತನಕ ಕೂತು ಹಾಡು ಕೇಳುವ ತಾಳ್ಮೆ ಇಲ್ಲ, ಹಳೆಯ ನಾಟಕ ಉಳಿಯಬೇಕಾದರೆ ಅದನ್ನು ಹೊಸದಾಗಿ ಬರೆಯಬೇಕು, ದುಃಖದಲ್ಲಿರುವ ಮನುಷ್ಯ ರಾಗ ಎಳೆಯುವುದಿಲ್ಲ, ಮಾತಾಡುತ್ತಾನೆ. ಅರಮನೆ, ಕಾಡು, ಬೀದಿ ಬರೆದ ಪರದೆಗಳೆಲ್ಲ ಬೇಡ, ಒಂದೇ ಕಪ್ಪು ಪರದೆ ಸಾಕು. ಬೇಲೂರಿನ ಅಧಿಕಾರಿಗಳು, ಅರಸೀಕೆರೆಯ ನಮ್ಮ ಶಾಲೆಯವರು ಎಲ್ಲ ನೋಡಲು ಬರುತ್ತಾರೆ ಎಂದು ಕೊನೆಗೆ ಸೇರಿಸಿದೆ. ಅಧಿಕಾರಿಗಳು ಎಂದೊಡನೆ ಎಲ್ಲರೂ ಒಪ್ಪಿದರು. ಒಪ್ಪದವರು ಅಪ್ಪ ಒಬ್ಬರೇ.

'ಕಪ್ಪು ಪರದೆ ಯಾಕೆ? ಮನೇಲಿ ಯಾರು ಸತ್ತಿದ್ದಾರೆ?' ಎಂದರು.

'ಅದು ಹೊಸ ಪದ್ಧತಿ ಅಪ್ಪ.'

'ನನ್ನ ಹಾಡು?'

'ಅದೂ ಇಲ್ಲ. ಅದರ ಬದಲು ಮಾತು ಬರೆದಿದ್ದೀನಿ.'

ನಾನು ಬರೆದುಕೊಟ್ಟ ಮಾತನ್ನು ಅಪ್ಪ ಓದಿದರು. ಹಾಜರಿ ಕರೆದ ಹಾಗೆ ಓದಿದರು. 'ಇದನ್ನ ಹೇಳೋಕೆ ರಾಜ ಯಾಕೆ ಬೇಕು? ಜವಾನ ಹೇಳಿದರೂ ನಡೆಯುತ್ತೆ' ಎಂದರು. ನಾವಿಬ್ಬರೂ ಆ ಬೇಸಗೆಯೆಲ್ಲ ಜಗಳವಾಡಿದೆವು. ಊಟಕ್ಕೆ ಕೂತರೂ ಅದೇ, ಬಸ್ ನಿಲ್ದಾಣಕ್ಕೆ ನನ್ನನ್ನು ಬಿಡಲು ಬಂದಾಗಲೂ ಅದೇ. ಹಾಡಿಲ್ಲದ ನಾಟಕ ಉಪ್ಪಿಲ್ಲದ ಸಾರು ಎಂದು ಅವರು, ಉಪ್ಪು ಹೆಚ್ಚಾದರೂ ಸಾರು ಕೆಡುತ್ತದೆ ಎಂದು ನಾನು. ನಿಜ ಹೇಳಬೇಕೆಂದರೆ ಜಗಳವಾಡುತ್ತಾ ಆಡುತ್ತಾ ನನ್ನ ಭಾಷಣವನ್ನು ನಾನೇ ನಂಬತೊಡಗಿದ್ದೆ. ಸಾಲುಗಳನ್ನು ಹೊಡೆದುಹಾಕುವುದರಲ್ಲಿ ಒಂದು ಖುಷಿಯಿತ್ತು. ಇಡೀ ರಾತ್ರಿಯ ನಾಟಕ ಎರಡು ಗಂಟೆಗೆ ಇಳಿಯಿತು. ಬೇಲೂರಿನ ಗುಮಾಸ್ತನಿಗೆ ಮಗನ ಪಾರ್ಟು ಕೊಟ್ಟೆ. ಅವನದೂ ಒಂದು ಹಾಡು ಇಟ್ಟುಕೊಳ್ಳೋಣವೇ ಎಂದು ಕೇಳಿದ, ಗದರಿಸಿದೆ. ಅಪ್ಪ ಬೈದುಕೊಂಡೇ ರಿಹರ್ಸಲ್ಲಿಗೆ ಬರುತ್ತಿದ್ದರು. ಬೈದರೂ ಸರಿ, ಬರುತ್ತಿದ್ದಾರಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ನಾಟಕದ ದಿನ ಶಾಲೆಯ ಬಯಲಿನಲ್ಲಿ ಗ್ಯಾಸ್ ಲೈಟು ಹಚ್ಚಿ, ಸಾಯಂಕಾಲ ಆರೂವರೆಗೆ ಸರಿಯಾಗಿ ಪರದೆ ಎತ್ತಿಸಿದೆ. ಹೇಳಿದ ಹೊತ್ತಿಗೆ ಶುರುವಾದ ನಾಟಕವನ್ನು ಹಳೇಬೀಡು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕುರ್ಚಿಗಳಲ್ಲಿ ಬೇಲೂರಿನವರು, ಅರಸೀಕೆರೆಯವರು, ಊರಿನ ನಾಲ್ಕು ಮಂದಿ ಇದ್ದರು. ಹಿಂದಿನ ಬಯಲು ಖಾಲಿ ಹೊಡೆಯುತ್ತಿತ್ತು. ಹಳ್ಳಿಯವರಿಗೆ ಹಾಡಿಲ್ಲವೆಂದು ಸಿಟ್ಟು ಬಂದಿರಬೇಕು ಎಂದುಕೊಂಡೆ. ಅಪ್ಪ ತಪ್ಪಿಲ್ಲದೆ, ಜೀವವಿಲ್ಲದೆ ಮಾತು ಒಪ್ಪಿಸಿದರು. ಮಗನನ್ನು ಗಡಿಪಾರು ಮಾಡಿದ್ದು ಕಂದಾಯದ ನೋಟೀಸು ಓದಿದ ಹಾಗಿತ್ತು. ಕುರ್ಚಿಯವರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ನಮ್ಮ ಹೆಡ್‌ಮಾಸ್ಟರು, 'ಬಹಳ ಆಧುನಿಕವಾಗಿತ್ತು' ಎಂದು ಹೇಳಿ ಕಾರು ಹತ್ತಿದರು. ಎಂಟೂವರೆಯ ಹೊತ್ತಿಗೆ ಬಯಲಿನಲ್ಲಿ ಕುರ್ಚಿ ಎತ್ತಿಡುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಆಗ ಗಾಡಿಗಳು ಬಂದವು. ಒಂದರ ಹಿಂದೆ ಒಂದು, ಮಾದಿಹಳ್ಳಿಯ ಕಡೆಯಿಂದ, ಹುಲಿಕೆರೆಯ ಕಡೆಯಿಂದ. ದನ ಕಟ್ಟಿ, ಮುದ್ದೆ ಉಂಡು, ಚಾಪೆ ಕಂಬಳಿ ಸುತ್ತಿಕೊಂಡು ಬಂದಿದ್ದರು. ನಮ್ಮ ಕಡೆ ನಾಟಕಕ್ಕೆ ಬರುವ ರೀತಿಯೇ ಅದು. ಆರೂವರೆ ಎಂದು ಸಾರಿದರೆ ಪ್ರಾರ್ಥನೆ, ಸೂತ್ರಧಾರ, ಹಾಸ್ಯಗಾರ ಎಲ್ಲ ಮುಗಿದು ರಾಜ ಬರುವ ಹೊತ್ತಿಗೆ ಹತ್ತಾದರೂ ಆಗುತ್ತಿತ್ತು. ಮೊದಲಿನ ಆ ಭಾಗವನ್ನು ಹಳಬರು ಇಟ್ಟಿದ್ದೇ ಜನ ಬಂದು ಸೇರಲಿ ಎಂದು. ನಾನು ಅದನ್ನೆಲ್ಲ ದಂಡವೆಂದು ಕತ್ತರಿಸಿ, ರಾಜನನ್ನು ಮೊದಲ ದೃಶ್ಯಕ್ಕೇ ತಂದಿದ್ದೆ. ಜನ ಬರುವುದು ಯಾವಾಗ ಎಂದು ಅಲ್ಲಿ ಹುಟ್ಟಿ ಬೆಳೆದ ನನಗೇ ಹೊಳೆದಿರಲಿಲ್ಲ. ಅವರು ಸಾವಕಾಶವಾಗಿ ಚಾಪೆ ಹಾಸಿ, ಮಕ್ಕಳನ್ನು ಮಲಗಿಸಿ, ಎಲೆಯಡಿಕೆ ಚೀಲ ಬಿಚ್ಚಿ ಕೂತರು. ಬರಿದಾದ ರಂಗವನ್ನು ನೋಡಿ ಯಾರಿಗೂ ಏನೂ ಅನ್ನಿಸಲಿಲ್ಲ.

ಮಾದಿಹಳ್ಳಿಯ ತೆಂಗಿನ ತೋಟದ ಗೌಡರು ಮುಂದಿನ ಸಾಲಿನಲ್ಲಿದ್ದರು. ಅಪ್ಪನ ಹಾಡನ್ನು ಅವರು ಒಂದು ವರ್ಷವೂ ತಪ್ಪಿಸಿಕೊಂಡವರಲ್ಲ. ನಾನು ಹೋಗಿ ಎದುರು ನಿಂತೆ.

'ನಿಧಾನಕ್ಕೆ ಶುರು ಮಾಡ್ಲಿ ಬುಡು ತಾಯಿ, ನಮಗೇನು ಅವಸರ ಇಲ್ಲ' ಎಂದರು ಅವರೇ.

'ನಾಟಕ ಮುಗಿದುಹೋಯ್ತು ಗೌಡ್ರೇ.'

ಅವರು ನನ್ನ ಮುಖವನ್ನೇ ನೋಡಿದರು. 'ಮುಗೀತಾ? ನಾವು ಬರಾಕ್ ಮುಂಚೆ ಯಾರ್ಗೆ ಆಡಿದ್ರಿ?'

ಹೊಸ ಕಾಲದ ಪ್ರೇಕ್ಷಕರು ಎಂದು ಅಷ್ಟು ದಿನ ಭಾಷಣ ಬಿಗಿದವಳು, ಇದ್ದ ಪ್ರೇಕ್ಷಕರನ್ನೇ ಬಿಟ್ಟು ನಾಟಕ ಆಡಿಸಿದ್ದೆ. ಅವಮಾನದಿಂದ ಕಣ್ಣು ತುಂಬಿತು.

'ಆಗಿದ್ದಾಯ್ತು' ಎಂದರು ಗೌಡರು. 'ಮೇಷ್ಟ್ರು ಆ ಹಾಡು ಒಂದ್ ಹೇಳ್ಬುಡ್ಲಿ, ಕೇಳ್ಕಂಡು ಹೋಯ್ತೀವಿ.'

ಯಾವುದರಿಂದ ಅಪ್ಪನನ್ನು ಕಾಪಾಡಲು ಇಷ್ಟೆಲ್ಲ ಮಾಡಿದ್ದೆನೋ ಅದೇ ಬಂದು ಎದುರು ಕೂತಿತ್ತು. 'ಹೊಸ ಪದ್ಧತಿಯಲ್ಲಿ ಹಾಡು ಇಲ್ಲ' ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಗುಮಾಸ್ತ ಒಳ್ಳೆಯ ಹುಡುಗನೇ, ಸಹಾಯ ಮಾಡುವ ಮನಸ್ಸಿನಿಂದ, 'ಬೇಕಾದರೆ ನಾನು ಹಾಡ್ತೀನಿ' ಎಂದು ಮುಂದೆ ಬಂದ. ಅವನನ್ನು ಅಲ್ಲೇ ಹೂತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅಪ್ಪ ಪರದೆ ಸರಿಸಿಕೊಂಡು ಈಚೆ ಬಂದರು. ಅರ್ಧ ಬಣ್ಣ ಒರೆಸಿದ್ದರು, ಮೀಸೆ ತೆಗೆದಾಗಿತ್ತು. ಗುಮಾಸ್ತನ ಭುಜ ಹಿಡಿದು, 'ನೀನು ಮಗ. ನಿಂತ್ಕೋ ಅಲ್ಲಿ' ಎಂದರು.

ಆಮೇಲೆ ಸಿಂಹಾಸನದ ಮುಂದೆ ನಿಂತು ಉಸಿರು ತೆಗೆದುಕೊಂಡರು. ನಾನು ಸೆರಗು ಕಚ್ಚಿಕೊಂಡೆ. ಮೊದಲ ಸಾಲು ಹಾಡಿದರು, ಕೆಳದನಿಯಲ್ಲಿ, ಹೇಗೋ ನಡೆಯಿತು. ಎರಡನೆಯದಕ್ಕೆ ದನಿ ಒಡೆಯಿತು. ಅಪ್ಪ ಕೆಮ್ಮಲಿಲ್ಲ, ಮತ್ತೆ ಎತ್ತಲಿಲ್ಲ. ಹುಡುಗನ ಹತ್ತಿರ ಹೋಗಿ, ಅದೇ ಹಾಡಿನ ಮಾತುಗಳನ್ನು ರಾಗ ಬಿಟ್ಟು ಅವನಿಗೆ ಹೇಳತೊಡಗಿದರು. ನಾನು ಬರೆದ ಮಾತಲ್ಲ, ಹಳೆಯವೇ. ಮನೆಯೊಳಗೆ ಮಗನಿಗೆ ಹೇಳುವ ಹಾಗೆ, ತಡೆದು ತಡೆದು. 'ಧರ್ಮಕ್ಕಂಜಿ ಅಲ್ಲವೋ ಕಂದ, ಜನರ ನಾಲಗೆಗಂಜಿ ನಿನ್ನ ಕಳುಹುವೆನು' ಎಂಬಲ್ಲಿಗೆ ಬಂದಾಗ ಆ ಒಡೆದ ದನಿ ರಾಜನದೇ ಆಗಿತ್ತು. ಹುಡುಗ ನಿಜವಾಗಿ ಅಳುತ್ತಿದ್ದ. ನಾನೂ ಅತ್ತೆ. ಹಾಡು ತೆಗೆಯುವಾಗ ಈ ಮಾತುಗಳನ್ನೂ ಬಳಿದು ಹೊರಗೆ ಹಾಕಿದ್ದೆನಲ್ಲ ಎಂದು ನನ್ನ ಮೇಲೇ ಕೋಪ ಬಂತು.

ಮುಗಿದ ಮೇಲೆ ಚಪ್ಪಾಳೆ ಬೀಳಲಿಲ್ಲ. ಗೌಡರು, 'ಮೇಷ್ಟ್ರೇ, ಇಷ್ಟು ವರ್ಸ ರಾಗ ಕೇಳ್ತಿದ್ದೆ. ಆ ರಾಜ ನಮ್ಮಂತೋರ ಬಾಯಿಗೆ ಹೆದ್ರಿ ಮಗನ್ನ ಕಳಿಸ್ದ ಅನ್ನೋದು ಇವತ್ತು ತಲೆಗೆ ಹೋಯ್ತು' ಎಂದರು. 'ಬಾಕಿದ್ದೂ ಹಿಂಗೇ ಹೇಳ್ಬುಡಿ.' ಅಪ್ಪ ಹೇಳಿದರು. ಉಳಿದವರೂ ಬಣ್ಣವಿಲ್ಲದ ಮುಖದಲ್ಲೇ ಬಂದು ಸೇರಿಕೊಂಡರು. ಹೊಸದೂ ಅಲ್ಲದ, ಹಳೆಯದೂ ಅಲ್ಲದ ಆ ನಾಟಕವನ್ನು ನಾನು ಶಾಲೆಯ ಮೆಟ್ಟಿಲ ಮೇಲೆ ಕೂತು ನೋಡಿದೆ. ಮುಂದೆ ಎಷ್ಟೋ ನಾಟಕ ಆಡಿಸಿದ್ದೇನೆ. ಅಂಥದ್ದು ಮತ್ತೆ ಸಿಗಲಿಲ್ಲ.

ಮನೆಗೆ ನಡೆದು ಹೋಗುವಾಗ ಅಪ್ಪ ಕೆರೆಯ ತಿರುವಿನಲ್ಲಿ, 'ಬರೋ ವರ್ಷ ರಾಜನ್ನ ನಿಲ್ಲಿಸಬೇಡ ಕಣೇ. ಕೂತೇ ಮಾತಾಡೋ ಹಾಗೆ ಬರಿ' ಎಂದರು.

'ಯಾಕಪ್ಪ?'

'ಮಂಡಿ ಹಿಡ್ಕೊಳ್ಳತ್ತೆ. ಅದನ್ನ ಯಾರಿಗೂ ಹೇಳಬೇಡ. ಹೊಸ ಪದ್ಧತಿಯಲ್ಲಿ ರಾಜ ಏಳೋದಿಲ್ಲ ಅಂತ ಹೇಳು. ನೀನು ಹೇಳಿದರೆ ಜನ ನಂಬ್ತಾರೆ. ಈ ವರ್ಷ ನಂಬಲಿಲ್ವಾ?'

ನಾನು ಅಲ್ಲೇ ನಿಂತುಬಿಟ್ಟೆ. ಆ ಬೇಸಗೆಯ ಜಗಳವೆಲ್ಲ, ಒಂದೊಂದು ಬೈಗುಳವೂ, ಅವರು ಎಲ್ಲ ಗೊತ್ತಿದ್ದೇ ನನ್ನ ಜೊತೆ ಆಡಿದ್ದು. 'ಆಗಲಿ ಅಪ್ಪ, ಹಾಗೇ ಬರೀತೀನಿ' ಎಂದೆ. ಅವರು ತಿರುಗಿ ನೋಡಲಿಲ್ಲ. ನಾನು ಕಣ್ಣೊರೆಸಿಕೊಂಡು ಬರುವ ತನಕ ನಡಿಗೆ ಮಾತ್ರ ನಿಧಾನ ಮಾಡಿದರು.