ಎಡಗಡೆ ಬ್ಯಾಕಿನ ಗ್ಲಾಸು

ರಾಣೆಬೆನ್ನೂರಿನ ನಮ್ಮ ಫುಟ್‌ಬಾಲ್ ಕ್ಲಬ್ಬು ಮುಚ್ಚಿ ಎಷ್ಟೋ ವರ್ಷವಾಯಿತು. ಅಭಿಮಾನಿಗಳ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ. ಭಾನುವಾರ ಬೆಳಿಗ್ಗೆ ಮೈದಾನದ ಎದುರಿನ ಚಹಾದಂಗಡಿಯಲ್ಲಿ ಐದಾರು ಮಂದಿ ಸೇರುತ್ತೇವೆ. ಅಂಗಡಿಯ ಹನ್ನೊಂದು ಖಾಲಿ ಗ್ಲಾಸುಗಳನ್ನು ಬೆಂಚಿನ ಮೇಲೆ ಹಳೆಯ ತಂಡದಂತೆ ಜೋಡಿಸುವುದು ನಮ್ಮ ಪದ್ಧತಿ. ಒಂದೊಂದು ಗ್ಲಾಸಿಗೆ ಒಬ್ಬೊಬ್ಬ ಆಟಗಾರ, ಒಂದೊಂದು ಜಗಳ. ತೀರಿಕೊಂಡವರ ಗ್ಲಾಸನ್ನು ಬೋರಲು ಹಾಕುತ್ತೇವೆ. ಈಗೀಗ ಬೋರಲಾದವೇ ಹೆಚ್ಚು.

ಎಡಗಡೆ ಬ್ಯಾಕಿನ ಜಾಗಕ್ಕೆ ಬಂದಾಗ ಮಾತ್ರ ಜಗಳವಿಲ್ಲ. "ಅಲ್ಲಿ ಯಾರೋ ಒಬ್ಬ ಇದ್ದ" ಎಂದು ಗ್ಲಾಸಿಟ್ಟು ಮುಂದೆ ಹೋಗುತ್ತಾರೆ. ಆ ಯಾರೋ ಒಬ್ಬ ನನ್ನ ಅಣ್ಣ.

ಅವನು ಬ್ಯಾಡಗಿಯಿಂದ ಬಸ್ಸಿನಲ್ಲಿ ಬಂದು ಆಡುತ್ತಿದ್ದ. ಬೂಟುಗಳನ್ನು ಮೆಣಸಿನಕಾಯಿ ಚೀಲದಲ್ಲಿ ತರುತ್ತಿದ್ದುದರಿಂದ ಆಟಕ್ಕೆ ಮುಂಚೆ ಹತ್ತು ಸಲ ಸೀನುತ್ತಿದ್ದ. ಒಂದೂ ಗೋಲು ಹೊಡೆಯಲಿಲ್ಲ. ತನ್ನ ಕಡೆಯಿಂದ ಯಾರನ್ನೂ ಸುಲಭಕ್ಕೆ ಬಿಡಲೂ ಇಲ್ಲ. ತಪ್ಪು ಮಾಡದವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಪೆನಾಲ್ಟಿಯನ್ನು ಗೋಡೆಯಾಚೆ ಒದ್ದ ಪುಣ್ಯಾತ್ಮನ ಹೆಸರು ಎಲ್ಲರ ಬಾಯಲ್ಲೂ ಇದೆ.

ಆಗ ನಾನು ಹಾವೇರಿಯಲ್ಲಿ ನೌಕರಿಯಲ್ಲಿದ್ದೆ. ಪಂದ್ಯಕ್ಕಷ್ಟೇ ಬಂದು ಹೋಗುತ್ತಿದ್ದೆ. ನಿವೃತ್ತಿಯಾಗಿ ಇಲ್ಲಿ ಮನೆ ಮಾಡಿದ ಮೇಲೆ ಇವರ ಪರಿಚಯ. ನಾನು ಯಾರ ತಮ್ಮನೆಂದು ಇವರಿಗೆ ಗೊತ್ತಿಲ್ಲ, ನಾನು ಹೇಳಿಲ್ಲ. ಬೇಡಿ ಪಡೆದ ಹೊಗಳಿಕೆ ಅಣ್ಣನಿಗೆ ಬೇಡ, ತಾವಾಗಿಯೇ ನೆನೆಯಲಿ ಎಂಬ ಸೊಕ್ಕು ನನ್ನದು.

ಅಣ್ಣ ಈಗ ಬ್ಯಾಡಗಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಲಕ್ವಾ ಹೊಡೆದು ಎಡಗಾಲು ಬಿದ್ದುಹೋಗಿದೆ. ಭಾನುವಾರ ಮಧ್ಯಾಹ್ನ ನಾನು ಹೋದ ಕೂಡಲೇ ಅವನದು ಒಂದೇ ಪ್ರಶ್ನೆ.

"ಇವತ್ತರ ನನ್ನ ಹೆಸರು ತಗದ್ರೇನು?"

"ತಗೀಲಾರದ ಇರ್ತಾರೇನು? ನಿನ್ನಂಥಾ ಬ್ಯಾಕ್ ಮತ್ತ ಹುಟ್ಟಲಿಲ್ಲ ಅಂದ್ರು," ಎಂದು ಸುಳ್ಳು ಹೇಳುತ್ತೇನೆ. ಅವನ ಮುಖ ಅರಳುತ್ತದೆ. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಹೋದ ಭಾನುವಾರ ತಡೆಯಲಾಗಲಿಲ್ಲ. "ಎಡಗಡೆ ಬ್ಯಾಕ್ ಯಾರಿದ್ರು, ಸ್ವಲ್ಪ ನೆನಸ್ಕೊಳ್ರಿ," ಎಂದೆ. ನಮ್ಮಲ್ಲೇ ಹಿರಿಯರಾದ, ಆಗ ತಂಡದ ಜರ್ಸಿ ಹೊಲಿದುಕೊಟ್ಟ ದರ್ಜಿ ಚಾಚಾ ಕಣ್ಣು ಮುಚ್ಚಿ ಯೋಚಿಸಿದರು.

"ಹಾಂ! ಬ್ಯಾಡಗಿಯಾಂವ. ಸೀನತಿದ್ನಲ್ಲ! ಖರೇ ಹೇಳ್ತೀನ್ರಿ, ಭಾಳ ಚಲೋ ಆಡತಿದ್ದ. ಪಾಪ, ತೀರಿಕೊಂಡು ಎಷ್ಟೋ ದಿನ ಆತು."

ಅವರು ಆ ಗ್ಲಾಸನ್ನೂ ಬೋರಲು ಹಾಕಿದರು. ಎಲ್ಲರೂ ಲೊಚಗುಟ್ಟಿದರು. "ಅಂಥಾವ್ರು ಈಗ ಎಲ್ಲಿ ಸಿಗ್ತಾರ ಬಿಡ್ರಿ," ಎಂದರೊಬ್ಬರು. ಅಣ್ಣನನ್ನು ಅವರು ಹೊಗಳಿದ್ದು ಅದೇ ಮೊದಲು. ಬದುಕಿದ್ದಾನೆ ಎಂದರೆ ಆ ಹೊಗಳಿಕೆ ಎಲ್ಲಿ ನಿಂತುಹೋಗುವುದೋ ಎಂದು ಸುಮ್ಮನೆ ಕೂತೆ. ಹಾಗೆ ಕೂತದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮಧ್ಯಾಹ್ನ ಅಣ್ಣ ಮತ್ತೆ ಕೇಳಿದ. "ತಗದ್ರು," ಎಂದೆ. ಮೊದಲ ಸಲ ನಿಜ ಹೇಳುತ್ತಿದ್ದೆ. "ನೀ ಸೀನತಿದ್ದದ್ದನ್ನೂ ಚಾಚಾ ನೆನಸಿದ್ರು."

ಅಣ್ಣ ನನ್ನ ಕೈ ಹಿಡಿದುಕೊಂಡ. "ಅಂದ್ರ ಈ ಸಲ ಖರೇನ ತಗದಾರ," ಎಂದ. ಇಷ್ಟು ದಿನದ ನನ್ನ ಸುಳ್ಳು ಅವನಿಗೆ ಗೊತ್ತೇ ಇತ್ತು.

"ಬರೂ ವಾರ ನನ್ನೂ ಕರ್ಕೊಂಡು ಹೋಗು. ಅವರ ಜೋಡಿ ಕುಂತು ಒಂದು ಚಾ ಕುಡೀತೀನಿ."

ಬೋರಲಾದ ಅವನ ಗ್ಲಾಸು ನನ್ನ ಕಣ್ಣಿಗೆ ಕಟ್ಟಿತು. "ಆ ಅಂಗಡಿ ಇವತ್ತಿಗೆ ಬಂದ್ ಆತು, ಅಣ್ಣಾ," ಎಂದೆ. "ಇನ್ನ ಅಲ್ಲಿ ಯಾರೂ ಕೂಡೂದಿಲ್ಲ."