ಗಾಳಿಸಿದ ನೀರು

ಮಿರಜದ ಅಂಚಿನಲ್ಲಿ ಹೊಸ ಕಾಲನಿಗಳು ಏಳುತ್ತಿದ್ದ ಕಾಲ. ದೇಶದ ಬಾಗಿಲು ತೆರೆಯಿತೆಂದು ಪತ್ರಿಕೆಗಳು ಸಾರುತ್ತಿದ್ದವು. ನಮ್ಮ ಪಾಲಿಗೆ ತೆರೆದದ್ದು ರಸ್ತೆ. ಕಾಲನಿ ಹಾಕಿದವನು ನಳದ ಪೈಪನ್ನೂ ಗಟಾರದ ಪೈಪನ್ನೂ ಒಂದೇ ತಗ್ಗಿನಲ್ಲಿ ಅಣ್ಣತಮ್ಮಂದಿರಂತೆ ಮಲಗಿಸಿದ. ಕೂಡುಕುಟುಂಬದಲ್ಲಿ ಇದು ನಿನ್ನದು, ಅದು ನನ್ನದು ಎಂಬ ಭೇದ ಇರುವುದಿಲ್ಲವಷ್ಟೆ.

ಸಮಡೋಳಿಯಿಂದ ಬಂದು ಅಲ್ಲಿ ಮನೆ ಕಟ್ಟಿದ ನಾವು ಜೈನರು. ಅವ್ವ ಎರಡು ಪದರ ಬಟ್ಟೆಯಲ್ಲಿ ನೀರು ಗಾಳಿಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಬಂದಲ್ಲಿಗೇ ಮರಳಿ ಬಿಡುವವಳು. ಹಳ್ಳಿಯಲ್ಲಾದರೆ ಬಾವಿಯಿತ್ತು. ಇಲ್ಲಿ ನಳದ ಬಾಯಿಗೆ ಮರಳಿ ಸುರಿಯಲಾಗದೆ, ಅದರ ಬುಡಕ್ಕೆ ಬಿಟ್ಟು ಕೈಮುಗಿಯುತ್ತಿದ್ದಳು. ಆ ಜೀವಗಳ ಆರೋಗ್ಯಕ್ಕೆ ನಮ್ಮ ಮನೆಯಿಂದ ಯಾವ ಕುಂದೂ ಬರಲಿಲ್ಲ.

ಆ ಬೇಸಿಗೆ ತಂಗಿ ಚೊಚ್ಚಲ ಹೆರಿಗೆಗೆ ಬಂದಳು. ಅದೇ ಹೊತ್ತಿಗೆ ಓಣಿಯಲ್ಲಿ ಒಬ್ಬೊಬ್ಬರದೇ ಕಣ್ಣು ಹಳದಿಯಾಗತೊಡಗಿತು. ಕಾಮಾಲೆ, ಅಲ್ಲಿನವರ ಬಾಯಲ್ಲಿ ಕಾವೀಳ. ಅರಿಶಿನ ಪೇಟೆಯ ಸಾಂಗ್ಲಿಯ ಮಗ್ಗುಲಲ್ಲಿದ್ದು ಹಳದಿಗೆ ಹೆದರುವುದೇ ಎಂದು ಅಪ್ಪ ನಕ್ಕರು. ನೀರು ಕಾಯಿಸಿ ಕುಡಿಯಿರೆಂದು ರಿಕ್ಷಾವೊಂದು ಕೂಗುತ್ತ ಹೋಯಿತು.

“ನಾವು ಗಾಳಿಸಿ ಕುಡ್ಯೋ ಮಂದಿ. ಕಾಯಿಸೂದ್ಯಾಕ?” ಎಂದಳು ಅವ್ವ.

ಅಪ್ಪನ ತಾಯಿ, ನಮ್ಮ ಆಯಿ, ವ್ರತ ಹಿಡಿದವಳು; ಕಾಯಿಸಿದ ನೀರನ್ನಷ್ಟೇ ಕುಡಿಯುತ್ತಿದ್ದಳು. “ನನ್ನ ಕೊಡದಾಗಿಂದು ಹುಡುಗಿಗೆ ಕೊಡವಾ,” ಎಂದಳು.

“ಅದು ವ್ರತದವ್ರ ನೀರ್ರಿ ಅತ್ತಿ. ಬಸರಿಗೆ ಉಷ್ಣ ಆಗ್ತೈತಿ.”

“ನನಗೇನಾಗೇತಿ? ಎಂಬತ್ತು ದಾಟೇನಿ, ಇನ್ನೂ ನಿನ್ನ ಕೂಡ ಜಗಳಾಡಾಕತ್ತೇನಿ.”

“ನೀವೇನ ಬಸರ ಅದೀರಿ?”

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಅವಳ ಕಣ್ಣೂ ಹಳದಿಯಾದಾಗ ನದಿಯಾಚೆಯ ನಾಟಿ ವೈದ್ಯನಲ್ಲಿಗೆ ಒಯ್ದೆವು. ಅವನು ಸುಣ್ಣದ ನೀರಿನಲ್ಲಿ ಕೈ ತೊಳೆಸಿದ. ನೀರು ಹಳದಿಯಾಯಿತು. ಕಾವೀಳ ಇಳಿಯಿತೆಂದ. ನೀರಿಗೆ ಇಳಿದದ್ದು ನಿಜ. ತಂಗಿಯ ಕಣ್ಣಿಂದ ಇಳಿಯಲಿಲ್ಲ. ಅವಳು ನಮ್ಮ ಗುರುತು ಮರೆತು ತೊದಲತೊಡಗಿದ ಮೇಲೆ ಆಸ್ಪತ್ರೆಗೆ ಓಡಿದೆವು. ವಿಜಾಪುರ, ಬೆಳಗಾವಿಯ ಕಡೆಯವರೆಲ್ಲ ಬದುಕಲೆಂದು ರೈಲು ಹತ್ತಿ ಬರುವ ಊರು ಮಿರಜ. ನಾವು ಮಾತ್ರ ಅಲ್ಲೇ ಇದ್ದು ತಡವಾಗಿ ಮುಟ್ಟಿದೆವು.

ಪೇಶಂಟರಿಂದಲೇ ಕನ್ನಡ ಕಲಿತ ಮರಾಠಿ ಡಾಕ್ಟರು, “ಬಸರಾಗ ಈ ಕಾವೀಳ ಭಾಳ ಕೆಟ್ಟರಿ. ಯಾವ ನೀರ ಕುಡಿಸೀರಿ?” ಎಂದರು.

ಅವ್ವ ಚೀಲದಿಂದ ತಂಬಿಗೆ ತೆಗೆದಳು. “ಮನಿಂದ ತಂದೇನ್ರಿ. ಎರಡು ಪದರಿನಾಗ ಗಾಳಿಸಿದ್ದು. ನಿಮ್ಮ ದವಾಖಾನಿ ನೀರು ಒಂದು ಹನಿ ಮುಟ್ಟಿಸಿಲ್ಲ.”

ಡಾಕ್ಟರು ತಂಬಿಗೆ ಇಸಿದುಕೊಂಡು ನೀರನ್ನು ಮೋರಿಗೆ ಚೆಲ್ಲಿದರು.

ಕೂಸು ಹೊಟ್ಟೆಯಲ್ಲೇ ಹೋಯಿತು. ಮರುದಿನ ತಂಗಿ ಹೋದಳು.

ಸೂತಕ ಕಳೆಯುವ ಮೊದಲೇ ಸರಕಾರದ ಮನುಷ್ಯನೊಬ್ಬ, ಓಣಿಯಲ್ಲಿ ಸತ್ತವರು ಯಾವುದರಿಂದ ಸತ್ತರೆಂದು ಮನೆಮನೆ ವಿಚಾರಿಸುತ್ತ ಬಂದ. ಒಂದು ಮನೆಯವರು ವಯಸ್ಸು ಎಂದಿದ್ದರು, ಇನ್ನೊಂದು ಮನೆಯವರು ದಾರೂ ಎಂದಿದ್ದರು. ಅಲ್ಲಿಯವರೆಗೆ ನಮ್ಮ ಓಣಿಯಲ್ಲಿ ನೀರು ಯಾರನ್ನೂ ಕೊಂದಿರಲಿಲ್ಲ.

“ನೀರಿಂದ…” ಎಂದು ಅಪ್ಪ ಬಾಯಿ ತೆರೆದರು.

ಅವ್ವ ಒಳಗಿನಿಂದ ಎದ್ದು ಬಂದಳು. “ಹಡಿಯೂದ್ರಾಗ ಹೋದ್ಲು ಅಂತ ಬರಕೋರಿ.”

“ಡಾಕ್ಟರ್ ಕಾವೀಳ ಅಂದಾರಲ್ರಿ, ಮಾವಶಿ?”

“ನೀರ ಗಾಳಿಸಿದಾಕಿ ನಾನು,” ಎಂದಳು ಅವ್ವ. “ನೀವು ನೀರಿಂದ ಅಂತ ಬರದ್ರ ನಾ ಹೆಂಗ ಬದಕ್ಲಿ?”

ಅವನು ಅಪ್ಪನ ಮುಖ ನೋಡಿದ.

“ಹಡಿಯೂದ್ರಾಗ,” ಎಂದರು ಅಪ್ಪ.